ಹಿರಿಯಡ್ಕ ದಾಟಿದ ಮೇಲಿನ ಮೌನ

ಇದನ್ನು ಬರೆಯಬೇಕು ಎಂದುಕೊಂಡದ್ದು ಇವತ್ತಲ್ಲ. ಮಳೆಗಾಲ ಮುಗಿಯಲಿ ಎಂದೆ, ಮುಗಿಯಿತು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನೋಡೋಣ ಎಂದೆ; ತೆಗೆಸಿಕೊಂಡೆ, ಈಗ ಅಕ್ಷರ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತದೆ. ಹೀಗೆ ನೆವಗಳೆಲ್ಲ ಒಂದೊಂದಾಗಿ ಕೈಬಿಟ್ಟು ಹೋದ ಮೇಲೆ ಉಳಿದವನು ನಾನೊಬ್ಬನೇ.

ಈಗ ನನ್ನನ್ನು ಎಬ್ಬಿಸಿದ್ದು ಒಂದು ಹಾರ್ನ್. ನನಗೆ ಬೀಪಿ ಉಂಟು. ಕಾಪುವಿನ ಡಾಕ್ಟರು ಮಾತ್ರೆಯ ಜೊತೆಗೆ, ಬೆಳಿಗ್ಗೆ ಹತ್ತು ನಿಮಿಷ ಸುಮ್ಮನೆ ಕುಳಿತು ಉಸಿರು ನೋಡಿಕೊಳ್ಳಿ ಎಂದರು. ಮಗಳು ಮೊಬೈಲಿನಲ್ಲಿ ಎಂತದೋ ಹಾಕಿಕೊಟ್ಟಿದ್ದಾಳೆ. ಅದರೊಳಗಿನ ಹೆಂಗಸು ಬಹಳ ಮರ್ಯಾದೆಯಿಂದ, ಉಸಿರು ಬರುವುದನ್ನು ಗಮನಿಸಿ, ಹೋಗುವುದನ್ನು ಗಮನಿಸಿ ಎನ್ನುತ್ತಾಳೆ. ನಾನು ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಗಮನಿಸುತ್ತೇನೆ. ಮೊದಲು ಮೂಗು ತುರಿಸುತ್ತದೆ. ಆಮೇಲೆ, ಇಷ್ಟು ವರ್ಷ ನಾನು ಹೇಳದೆಯೇ ಸರಿಯಾಗಿ ನಡೆಯುತ್ತಿದ್ದ ಉಸಿರು ನಾನು ನೋಡಿದ ಕೂಡಲೇ ಎಡವಲು ಶುರುಮಾಡುತ್ತದೆ. ಅಷ್ಟರಲ್ಲಿ ಮೀನಿನವನ ಸ್ಕೂಟರ್ ಗೇಟಿನ ಹತ್ತಿರ ಬಂದು ಉದ್ದಕ್ಕೆ ಹಾರ್ನ್ ಹಾಕಿತು. ನಾನು ಕಣ್ಣು ಮುಚ್ಚಿಕೊಂಡೇ ಬೂತಾಯಿ ಉಂಟಾ ಎಂದು ಕೇಳಿದೆನಂತೆ. ಒಳಗಿನಿಂದ ಮಗಳು, ಅಪ್ಪ, ಧ್ಯಾನಕ್ಕೆ ಕೂತವರು ಬೂತಾಯಿ ಕೇಳ್ಬಾರ್ದು ಎಂದಳು. ಇಬ್ಬರೂ ನಕ್ಕೆವು. ನಕ್ಕು ಮುಗಿಸಿ ಮತ್ತೆ ಕಣ್ಣು ಮುಚ್ಚಿದೆ ನೋಡಿ, ಆಗ ಕೇಳಿಸಿದ್ದು ಮೀನಿನವನ ಹಾರ್ನ್ ಅಲ್ಲ, ನಾನೇ ಒತ್ತಿದ ಒಂದು ಹಾರ್ನ್. ಎಷ್ಟು ಗಮನಿಸಿದರೂ ಅದು ಬರುತ್ತದೆ, ಹೋಗುವುದಿಲ್ಲ.

ನಾನು ಡ್ರೈವರ್. ಎಸ್ಸೆಸ್ಸೆಲ್ಸಿ ಪಾಸು, ಗಣಿತಕ್ಕೆ ಎರಡನೆಯ ಸಲ ಕೂರಬೇಕಾಯಿತು, ಅದನ್ನೂ ಹೇಳಿಬಿಡುತ್ತೇನೆ. ಜೀವನದ ಹೆಚ್ಚು ಭಾಗ ಕಾರ್ಕಳ–ಉಡುಪಿ ಸರ್ವಿಸ್ ಬಸ್ಸಿನಲ್ಲಿ ಹೋಯಿತು. ನಮ್ಮ ಕಡೆಯ ಬಸ್ಸುಗಳಲ್ಲಿ ಕುಳಿತವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಹಿಂದಿನ ಬಸ್ಸು ಮುಂದೆ ಹೋಗಬಾರದು, ಮುಂದಿನ ಬಸ್ಸಿನ ಜನ ನಮಗೆ ಸಿಗಬೇಕು, ಇದೇ ನಮ್ಮ ವೇದ. ಅದಕ್ಕೆ ಬೇಕಾದದ್ದು ಕಾಲಿಗಿಂತ ಹೆಚ್ಚಾಗಿ ಹಾರ್ನ್. ನನ್ನ ಹಾರ್ನ್ ಎಷ್ಟು ಪ್ರಸಿದ್ಧವಾಗಿತ್ತೆಂದರೆ ಲೈನಿನಲ್ಲಿ ನನಗೆ 'ಸೈರನ್' ಎಂದು ಹೆಸರು ಬಿದ್ದಿತ್ತು, ಮತ್ತು ಅದು ನನಗೆ ಬಿರುದಿನ ಹಾಗೆ ಕಾಣುತ್ತಿತ್ತು.

ಹೆಸರಿಡುವುದು ಬಸ್ಸಿನವರ ಹಳೆಯ ಚಟ. ದಿನಾ ಹತ್ತುವವರಿಗೆಲ್ಲ ನಮ್ಮಲ್ಲಿ ಒಂದೊಂದು ಹೆಸರು ಇರುತ್ತಿತ್ತು. ಕೊಡೆ ಬೀಸಿಕೊಂಡು ಓಡಿಬರುವ ಟೀಚರು 'ಗುಡುಗು'. ಇಳಿಯುವ ಜಾಗಕ್ಕಿಂತ ಬಹಳ ಮೊದಲೇ ಎದ್ದು ಬಾಗಿಲಲ್ಲಿ ನಿಲ್ಲುವ ಬ್ಯಾಂಕಿನವರು 'ಅರ್ಜೆಂಟ್'. ಇದಕ್ಕೆ ಒಂದು ನಿಯಮವೂ ಇತ್ತು: ಹೆಸರು ಇಟ್ಟವನು ಆ ಮನುಷ್ಯನ ಎದುರಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಬಾರದು. ಎದುರಿಗೆ 'ಎಂತ ಟೀಚರೇ, ಸೌಖ್ಯವಾ?' ಹಿಂದಿನಿಂದ ಗುಡುಗು. ಅದು ನಮ್ಮ ಸಭ್ಯತೆ ಎಂದು ನಾವು ತಿಳಿದಿದ್ದೆವು.

ಪ್ರಾಯ ಆದ ಮೇಲೆ ಲೈನಿನ ಓಟ ಸಾಕಾಗಿ ನಾನು ಮಣಿಪಾಲದ ಹತ್ತಿರದ ಒಂದು ನರ್ಸಿಂಗ್ ಕಾಲೇಜಿನ ಬಸ್ಸಿಗೆ ಸೇರಿದೆ. ಬೆಳಿಗ್ಗೆ ಹುಡುಗಿಯರನ್ನು ಹತ್ತಿಸಿಕೊಂಡು ಪರ್ಕಳ, ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳದ ಒಂದು ಆಸ್ಪತ್ರೆಗೆ ಡ್ಯೂಟಿಗೆ ಬಿಡುವುದು, ಸಂಜೆ ವಾಪಸು ತರುವುದು. ಅದೇ ರಸ್ತೆ, ಅದೇ ತಿರುವುಗಳು, ಆದರೆ ಹಿಂದೆ ಬೆನ್ನಟ್ಟುವ ಬಸ್ಸಿಲ್ಲ. ಪೇಟೆಯಿಂದ ಹಳ್ಳಿಗೆ ಬಂದವನಿಗೆ ನಿದ್ದೆ ಬಾರದ ಹಾಗೆ ನನಗೆ ಮೊದಮೊದಲು ಕೈಕಾಲು ಆಡುತ್ತಿರಲಿಲ್ಲ.

ನರ್ಸಮ್ಮಂದಿರು ಎಂದರೆ ನಾನು ಬಿಳಿ ಬಟ್ಟೆ, ಗಡುಸು ಮುಖ ಎಂದು ತಿಳಿದವನು. ಆ ಮುಖ ಹಾಗೆ ಆಗುವ ಮೊದಲು ಹೇಗಿರುತ್ತದೆ ಎಂದು ನೋಡಿದ್ದು ನನ್ನ ತಲೆಯ ಮೇಲಿನ ಕನ್ನಡಿಯಲ್ಲಿ. ಹದಿನೆಂಟು, ಹತ್ತೊಂಬತ್ತರ ಮಕ್ಕಳು. ಒಬ್ಬಳು ತನ್ನದೇ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದಳು. ಒಬ್ಬಳು ತಿಂಡಿ ತಿನ್ನದೆ ಬಂದು ಲಿಂಬೆಹಣ್ಣು ಮೂಸುತ್ತಿದ್ದಳು. ಇನ್ನೊಬ್ಬಳು ಮದ್ದುಗಳ ಹೆಸರನ್ನು ವಿಷ್ಣು ಸಹಸ್ರನಾಮದ ಹಾಗೆ ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ಹೋಗುವಾಗ ಬಸ್ಸಿನಲ್ಲಿ ಪರೀಕ್ಷೆಯ ಕೋಣೆಯ ಮೌನ. ಬರುವಾಗ ಮೀನು ಮಾರ್ಕೆಟ್. ಒಂದು ಸಂಜೆ ಮಾತ್ರ ಬರುವಾಗಲೂ ಯಾರೂ ಮಾತನಾಡಲಿಲ್ಲ. ಅವರು ಹಲವು ದಿನ ನೋಡಿಕೊಂಡಿದ್ದ ಒಬ್ಬ ಅಜ್ಜಿ ಮಧ್ಯಾಹ್ನ ತೀರಿಕೊಂಡಿದ್ದರು. ನನಗೆ ಗೊತ್ತಿದ್ದ ಮದ್ದು ಒಂದೇ. ಬಸ್ಸಿನ ಟೇಪಿನಲ್ಲಿ ಬರುತ್ತಿದ್ದ ಸಿನೆಮಾ ಪದ್ಯದ ವಾಲ್ಯೂಮ್ ಹೆಚ್ಚು ಮಾಡಿದೆ.

ಇವರಿಗೆ ಪಾಠ ಹೇಳುತ್ತಾ ಡ್ಯೂಟಿಗೂ ಜೊತೆಗೆ ಬರುತ್ತಿದ್ದ ಮೇಡಂ ಉಡುಪಿಯ ಕಡಿಯಾಳಿಯವರು. ಸಣ್ಣ ಆಳು, ಸಣ್ಣ ಸ್ವರ. ಒಂದು ದಿನ ಹೊರಡುವ ಮೊದಲು ನನ್ನ ಬಾಗಿಲಿನ ಹತ್ತಿರ ಬಂದು ನಿಂತರು.

"ಅಣ್ಣ, ಒಂದು ಉಪಕಾರ ಆಗ್ಬೇಕಿತ್ತು. ಹಿರಿಯಡ್ಕ ದಾಟಿದ ಮೇಲೆ ಬೈಲೂರಿನವರೆಗೆ ಪದ್ಯ ಬೇಡ. ಹಾರ್ನ್ ಸಹ ಬೇಡ."

"ತಿರುವಿನಲ್ಲಿ ದನ ಬಂದ್ರೆ ಎಂತ ಮಾಡುವುದು ಮೇಡಂ?"

"ದನಕ್ಕೆ ಹಾಕಿ. ನನ್ನ ಮಕ್ಕಳಿಗೆ ಬೇಡ."

ಅಂದಿನಿಂದ ಹಿರಿಯಡ್ಕದ ಪೇಟೆ ಹಿಂದಾದ ಕೂಡಲೇ ಮೇಡಂ ಎದ್ದುನಿಂತು, ಸೀಟಿನ ಕಂಬಿ ಹಿಡಿದು ಮಾತನಾಡುತ್ತಿದ್ದರು. ಕಣ್ಣು ಮುಚ್ಚಿ, ಬೇಡವೆನಿಸಿದವರು ಮುಚ್ಚಬೇಡಿ. ಪಾದ ಬಸ್ಸಿನ ನೆಲದ ಮೇಲೆ ಉಂಟು, ಅದು ಗೊತ್ತಾಗುತ್ತದಾ ನೋಡಿ. ಉಸಿರನ್ನು ಸರಿಮಾಡಲು ಹೋಗಬೇಡಿ, ಅದು ಹೇಗುಂಟೋ ಹಾಗೇ ನೋಡಿ. ಹೆದರಿಕೆ ಬಂದರೆ ಓಡಿಸಬೇಡಿ. ಬಂತು ಎಂದು ತಿಳಿದುಕೊಂಡು ಮತ್ತೆ ಉಸಿರಿಗೆ ಬನ್ನಿ. ಇಷ್ಟೇ. ಮಂತ್ರವಿಲ್ಲ, ದೇವರ ಹೆಸರಿಲ್ಲ. ನಾನು ಕಾದೆ, ಇನ್ನೇನಾದರೂ ಬರಬಹುದು ಎಂದು. ಏನೂ ಬರಲಿಲ್ಲ. ಬೈಲೂರು ಬಂತು.

ಈಗ ಅದೇ ಮಾತುಗಳನ್ನು ಡಾಕ್ಟರ ಬಾಯಿಂದ ಕೇಳಿ ತಲೆಯಾಡಿಸುವ ನಾನು, ಆಗ ಒಳಗೊಳಗೇ ಕುದಿದೆ. ಹಾರ್ನ್ ಹಾಕಬೇಡ ಎಂದು ನನಗೆ ಮಾಲಕರು ಸಹ ಹೇಳಿದವರಲ್ಲ. ಆ ವಾರ ಹಿರಿಯಡ್ಕ ಮತ್ತು ಬೈಲೂರಿನ ನಡುವೆ ದನಗಳ ಸಂಖ್ಯೆ ವಿಪರೀತ ಹೆಚ್ಚಾಯಿತು. ನನ್ನ ಕಣ್ಣಿಗೆ ಮಾತ್ರ ಕಾಣುವ ದನಗಳು. ನಾನು ಪೋಂ ಎಂದು ಒತ್ತುವುದು, ಮುಂದಿನ ಸೀಟಿನ ಇಬ್ಬರು ಕಾರ್ಕಳದ ಹುಡುಗಿಯರು ಶಾಲಿನೊಳಗೆ ಬಾಯಿ ಮುಚ್ಚಿಕೊಂಡು ನಗುವುದು. ಅವರು ನಕ್ಕರೆ ನನಗೆ ಇನ್ನೊಂದು ದನ ಕಾಣುತ್ತಿತ್ತು.

ಹಿಂದೆ ಕಿಟಕಿಯ ಪಕ್ಕದಲ್ಲಿ ಒಬ್ಬ ಹುಡುಗಿ ಕುಳಿತುಕೊಳ್ಳುತ್ತಿದ್ದಳು. ಬಾಗಲಕೋಟೆ ಕಡೆಯವಳು. ಅಪ್ಪ ಸೆಂಟ್ರಿಂಗ್ ಕೆಲಸಕ್ಕೆ ಈ ಕಡೆ ಬಂದವನು, ಅಲೆವೂರಿನ ಹತ್ತಿರ ಶೆಡ್ಡಿನಲ್ಲಿ ಸಂಸಾರ. ಅವರ ಮನೆಯಲ್ಲಿ ಕಾಲೇಜು ಕಂಡವಳು ಅವಳೇ ಮೊದಲು. ಎಲ್ಲರೂ ನನ್ನನ್ನು ಅಂಕಲ್ ಎಂದರೆ ಅವಳು ಮಾತ್ರ ಕಾಕಾ ಎನ್ನುತ್ತಿದ್ದಳು. ಹತ್ತುವಾಗ ಒಂದು ಕಾಕಾ, ಇಳಿಯುವಾಗ ಒಂದು ಕಾಕಾ. ಮೇಡಂ ಹೇಳಿದ್ದನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಮಾಡುತ್ತಿದ್ದವಳೂ ಅವಳೇ. ಇಂಜೆಕ್ಷನ್ ಹಿಡಿದರೆ ಅವಳ ಕೈ ನಡುಗುತ್ತದೆ ಎಂದು ಮುಂದಿನ ಸೀಟಿನವರು ನನಗೆ ಹೇಳಿದ್ದರು.

ಒಂದು ಬೆಳಿಗ್ಗೆ ಬಸ್ಸು ಪೂರ್ತಿ ನಿಶ್ಶಬ್ದವಾಗಿದ್ದಾಗ, ದನವಿಲ್ಲದ ನೇರ ರಸ್ತೆಯಲ್ಲಿ, ನಾನು ಹಳೆಯ ಸೈರನ್ ಆಗಿ ಉದ್ದಕ್ಕೆ ಹಾರ್ನ್ ಒತ್ತಿದೆ. ಎಲ್ಲರೂ ಬೆಚ್ಚಿದರು, ಬೆಚ್ಚಿ ನಕ್ಕರು. ಅವಳು ನಗಲಿಲ್ಲ. ಕನ್ನಡಿಯಲ್ಲಿ ಕಂಡದ್ದು ಇದು: ಕಣ್ಣು ಗಟ್ಟಿ ಮುಚ್ಚಿದೆ, ಭುಜ ಅದುರುತ್ತಿದೆ, ಎದೆ ಏರಿ ಇಳಿಯುತ್ತಿದೆ, ಎರಡೂ ಮುಷ್ಟಿ ನಡುಗುತ್ತಿವೆ. ಮೇಡಂ ಹೋಗಿ ಪಕ್ಕದಲ್ಲಿ ಕುಳಿತರು. ಮುಟ್ಟಲಿಲ್ಲ, ಮೆಲ್ಲಗೆ ಏನೋ ಹೇಳುತ್ತಿದ್ದರು. ಬೈಲೂರು ಬರುವಾಗ ಅವಳು ಕಣ್ಣು ತೆರೆದು ನೀರು ಕುಡಿದಳು. ಅದು ಭಯದ ಒಂದು ರೂಪ, ಅದಕ್ಕೂ ಒಂದು ಹೆಸರು ಉಂಟು, ಅದಕ್ಕೇ ಮೇಡಂ ಈ ಮೌನವನ್ನು ಶುರುಮಾಡಿದ್ದು ಎಂದು ನನಗೆ ಗೊತ್ತಿರಲಿಲ್ಲ. ಕೇಳಬಹುದಿತ್ತು. ಕೇಳಲಿಲ್ಲ. ನಮ್ಮ ಊರಿನಲ್ಲಿ ಕಣ್ಣು ಮುಚ್ಚಿ ಮೈ ನಡುಗಿದರೆ ನಮಗೆ ನೆನಪಾಗುವುದು ಒಂದೇ: ದೈವದ ಎದುರು ನಿಂತ ಪಾತ್ರಿ. ಅವನ ಮೈಮೇಲೆ ದರ್ಶನ ಬರುತ್ತದೆ, ಜನ ಕೈಮುಗಿದು ತಮ್ಮ ಕಷ್ಟ ಕೇಳುತ್ತಾರೆ, ಅವನು ನುಡಿ ಕೊಡುತ್ತಾನೆ.

ನಾನು ಮುಂದಿನ ಸೀಟಿನ ಕಡೆ ಅರ್ಧ ತಿರುಗಿ, "ಪಾತ್ರಿಗೆ ದರ್ಶನ ಬಂತು ಮಾರಾಯ್ತಿ, ಪ್ರಶ್ನೆ ಕೇಳುವುದಿದ್ರೆ ಈಗಲೇ ಕೇಳಿ" ಎಂದೆ.

ಕಾರ್ಕಳ ಮುಟ್ಟುವಾಗ ಹೆಸರು ಹಿಂದಿನ ಸೀಟು ಮುಟ್ಟಿತ್ತು. ಮರುದಿನದಿಂದ ಅವಳು ಪಾತ್ರಿ. 'ಪಾತ್ರಿ, ಇಲ್ಲಿ ಬಾ', 'ಪಾತ್ರಿ, ಇವತ್ತು ವೈವಾದಲ್ಲಿ ಎಂತ ಕೇಳ್ತಾರೆ, ನುಡಿ ಕೊಡು'. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ, ಅವರ ಜೊತೆ ನಕ್ಕಳು. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯೇ ಆಯಿತು. ಪ್ರಾಯ ಆದರೂ ನನ್ನ ಕೈ ಹೋಗಿಲ್ಲ ಎನ್ನುವ ಖುಷಿ. ಲೈನಿನ ನಿಯಮದಂತೆ ಅವಳ ಎದುರಿಗೆ ಮಾತ್ರ ನಾನು ಆ ಹೆಸರನ್ನು ಎತ್ತಲಿಲ್ಲ.

ಮುಂದಿನದ್ದು ನಾನು ಕಣ್ಣಾರೆ ಕಂಡದ್ದಲ್ಲ; ಆಸ್ಪತ್ರೆಯ ಹೊರಗೆ ಬಸ್ಸಿನಲ್ಲಿದ್ದೆ. ಸಂಜೆ ಮುಂದಿನ ಸೀಟಿನವರು ಹೇಳಿದ್ದು. ವಾರ್ಡಿನಲ್ಲಿ ಒಬ್ಬ ಯುವಕ ಮರದಿಂದ ಬಿದ್ದು ತಲೆಗೆ ಪೆಟ್ಟಾಗಿ ಮಲಗಿದ್ದ. ಅವನ ತಾಯಿ ಎರಡು ದಿನದಿಂದ ಮಂಚದ ಕಾಲಿಗೆ ಒರಗಿ ಕುಳಿತವಳು. ಹುಡುಗಿಯರು ಆಚೆಯಿಂದ ಈಚೆಗೆ 'ಪಾತ್ರಿ, ಪಾತ್ರಿ' ಎಂದು ಕರೆಯುವುದನ್ನು ಅವಳು ಕೇಳಿಸಿಕೊಂಡಿದ್ದಾಳೆ. ಮುಳುಗುವವಳಿಗೆ ಅಷ್ಟು ಸಾಕು. ಆ ಹುಡುಗಿ ಜ್ವರ ನೋಡಲು ಬಂದಾಗ ಎದ್ದುನಿಂತು ಎರಡೂ ಕೈ ಮುಗಿದು ಕೇಳಿದಳಂತೆ:

"ಅಮ್ಮಾ, ನನ್ನ ಮಗ ಉಳಿಯುತ್ತಾನಾ? ಒಂದು ನುಡಿ ಕೊಡಿ."

ಇದಕ್ಕೆ ಏನು ಉತ್ತರ ಹೇಳಬೇಕು ಎಂದು ಆ ಹುಡುಗಿ ಓದಿದ ಯಾವ ಪುಸ್ತಕದಲ್ಲಿ ಬರೆದಿರುತ್ತದೆ? ಅವಳಿಗೆ ನಡುಕ ಬಂತು. ಮೇಡಂ ಹೇಳಿಕೊಟ್ಟ ಹಾಗೆ ಕಣ್ಣು ಮುಚ್ಚಿ ಪಾದ ನೆಲಕ್ಕೆ ಊರಿ ನಿಂತಳು. ತಾಯಿ ಕಂಡದ್ದು ದರ್ಶನ. ಪಕ್ಕದ ಮಂಚಗಳ ಜನ ಎದ್ದು ಕೈಮುಗಿದರು. ಕೊನೆಗೆ ಅವಳ ಬಾಯಿಂದ ಬಂದದ್ದು, "ಕೂಡ್ರಿ ಅಮ್ಮಾರ, ಮೊದಲ ಉಸಿರ ತಗೋರಿ" ಎನ್ನುವ ಒಂದು ಮಾತು. ಆ ಹೆಂಗಸು ನುಡಿಯಾಯಿತು ಎಂದು ಹಾಗೇ ಕುಳಿತು ಉಸಿರು ತೆಗೆದುಕೊಂಡಳಂತೆ, ಎರಡು ದಿನಗಳಲ್ಲಿ ಮೊದಲ ಸಲ ಅತ್ತಳಂತೆ. ಹುಡುಗನನ್ನು ಮಣಿಪಾಲಕ್ಕೆ ಕಳಿಸಿದರು. ಅವನಿಗೆ ಏನಾಯಿತೋ ನನಗೆ ತಿಳಿಯಲಿಲ್ಲ. ಮರುದಿನ ಬೇರೆ ವಾರ್ಡಿನವರು, ದೈವಕ್ಕೆ ಕೊಡುವ ಹಾಗೆ, ಅಡಿಕೆಯ ಹಿಂಗಾರ, ಕುಂಕುಮ ಹಿಡಿದುಕೊಂಡು ದರ್ಶನ ಬರುವ ನರ್ಸಮ್ಮ ಎಲ್ಲಿ ಎಂದು ಹುಡುಕಿಕೊಂಡು ಬಂದರು.

ಆಸ್ಪತ್ರೆಯವರು ಆ ಹುಡುಗಿಯನ್ನು ಕಳಿಸಬೇಡಿ ಎಂದರು. ಅವರ ತಪ್ಪಲ್ಲ, ಆಸ್ಪತ್ರೆ ನಡೆಯಬೇಕಲ್ಲ. ಕಾಲೇಜಿನಲ್ಲಿ ವಿಚಾರಣೆಯಾಯಿತು. ಬಸ್ಸಿನಲ್ಲಿ ಮೇಡಂ ಮಾಡಿಸುವ ಧ್ಯಾನದಿಂದಲೇ ಇದೆಲ್ಲ ಶುರುವಾಯಿತು, ಹುಡುಗಿಗೆ ಮೈಮೇಲೆ ಬರುವುದು ಅಲ್ಲಿಂದಲೇ ಎಂದು ಮಾತು ಹಬ್ಬಿತ್ತು. ಪ್ರಿನ್ಸಿಪಾಲರು ನನ್ನನ್ನೂ ಕರೆಸಿದರು. ಆ ಕೋಣೆಯಲ್ಲಿ ಮೇಡಂ ಒಂದು ಕುರ್ಚಿಯಲ್ಲಿ, ಹುಡುಗಿ ಗೋಡೆಗೆ ತಾಗಿ, ಬಾಗಿಲಿನ ಹತ್ತಿರ ಸಿಮೆಂಟಿನ ಕೈಯಲ್ಲೇ ಬಂದ ಅವಳ ಅಪ್ಪ. ಬಸ್ಸಿನಲ್ಲಿ ಈ ಹೆಸರು ಶುರುಮಾಡಿದ್ದು ಯಾರು ಎಂದು ನಿಮಗೆ ಗೊತ್ತುಂಟಾ ಎಂದು ಪ್ರಿನ್ಸಿಪಾಲರು ಕೇಳಿದರು. ನಾನೇ ತಮಾಷೆಗೆ ಹೇಳಿದ್ದು ಎಂದಿದ್ದರೆ ಮುಗಿಯುತ್ತಿತ್ತು. ನನಗೆ ಬೈಗುಳ, ಹೆಚ್ಚೆಂದರೆ ಕೆಲಸ ಹೋಗುತ್ತಿತ್ತು. ಮೈಮೇಲೆ ಬರುವುದೂ ಇಲ್ಲ, ಏನೂ ಇಲ್ಲ, ಒಬ್ಬ ಡ್ರೈವರನ ಬಾಯಿಚಪಲ ಎಂದು ಎಲ್ಲರಿಗೂ ತಿಳಿಯುತ್ತಿತ್ತು.

"ನನಗೆ ಗೊತ್ತಿಲ್ಲ ಸರ್. ಮಕ್ಕಳು ಏನೋ ಮಾತಾಡಿಕೊಳ್ತಾರೆ, ನನ್ನ ಕಣ್ಣು ರಸ್ತೆಯಲ್ಲಿ ಇರ್ತದೆ" ಎಂದೆ.

ಮುಂದಿನ ಸೀಟಿನವರೂ ಬಾಯಿಬಿಡಲಿಲ್ಲ. ನನ್ನನ್ನು ಉಳಿಸಲೋ, ತಾವು ಉಳಿಯಲೋ. ಬಸ್ಸಿನ ಮೌನ ನಿಂತಿತು. ಆ ಹುಡುಗಿ ಅಷ್ಟು ದಿನದ ಡ್ಯೂಟಿ ಕಳೆದುಕೊಂಡು, ಕಿರಿಯರ ಜೊತೆ ಮತ್ತೆ ಮಾಡಬೇಕಾಗಿ ಬಂದು, ತನ್ನ ಜೊತೆಯವರಿಗಿಂತ ಹಿಂದೆ ಬಿದ್ದಳು. ಮೇಡಂ ವಿಚಾರಣೆಯಾದ ಸಂಜೆಯೇ ಬಸ್ಸಿನ ಹತ್ತಿರ ಬಂದು, ಬೇಜಾರು ಮಾಡಬೇಡಿ ಅಣ್ಣ, ನಿಮ್ಮನ್ನೂ ಸುಮ್ಮನೆ ಕರೆಸಿದರು, ನೀವು ಬಾಯಿ ಬಿಚ್ಚಿ ಮಾತಾಡುವವರು, ಗೊತ್ತಿದ್ದರೆ ಹೇಳಿರುತ್ತಿದ್ದಿರಿ ಎಂದರು. ಆ ವರ್ಷ ಮುಗಿಯುವಾಗ ಅವರು ಬೇರೆ ಕಡೆ ಹೋದರು. ಬೈದಿದ್ದರೆ ನಾನು ಮರೆತಿರುತ್ತಿದ್ದೆ.

ಆಮೇಲೆ ನಾನು ಮಾಡಿದ್ದು ಒಂದೇ. ಹಿರಿಯಡ್ಕ ದಾಟಿದ ಕೂಡಲೇ ಪದ್ಯ ನಿಲ್ಲಿಸುವುದು, ಬೈಲೂರಿನವರೆಗೆ ಹಾರ್ನ್ ಮುಟ್ಟದಿರುವುದು. ಯಾರೂ ಹೇಳಿದ್ದಲ್ಲ. ನಿವೃತ್ತನಾಗುವವರೆಗೂ ಹಾಗೇ ಓಡಿಸಿದೆ. ಮಕ್ಕಳಲ್ಲಿ ಕೆಲವರು ತಾವಾಗಿ ಕಣ್ಣು ಮುಚ್ಚುತ್ತಿದ್ದರು. ಕಿರಿಯರ ನಡುವೆ ಅವಳೂ ಮುಚ್ಚುತ್ತಿದ್ದಳು. ಹೇಡಿಯಾದವನು ಹೀಗೆ ಸಣ್ಣ ಸಣ್ಣ ಒಳ್ಳೆಯತನ ಮಾಡಿ ದೊಡ್ಡದನ್ನು ಮುಚ್ಚಲು ನೋಡುತ್ತಾನೆ.

ಹೋದ ಬೇಸಗೆಯಲ್ಲಿ ಬಜಗೋಳಿಯ ಹತ್ತಿರ ನೆಂಟರ ಹೊಸ ಮನೆಯ ಒಕ್ಕಲಿಗೆ ಹೋಗಿದ್ದೆ. ಊಟಕ್ಕೆ ಕಾಯುತ್ತಾ ಬಿಸಿಲಿನಲ್ಲಿ ನಿಂತು ತಲೆ ತಿರುಗಿತು. ಅಲ್ಲೇ ಹತ್ತಿರದ ಒಂದು ಸಣ್ಣ ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಬ್ಬ ನರ್ಸು ಯಾರೋ ಅಜ್ಜಿಯೊಡನೆ ತುಳುವಿನಲ್ಲಿ ತಮಾಷೆ ಮಾಡುತ್ತಿದ್ದವರು ನನ್ನ ಕಡೆ ತಿರುಗಿದರು.

"ಕಾಕಾ, ನೀವಾ?"

ಬೀಪಿ ನೋಡಿದಳು. ಬಹಳ ಹೆಚ್ಚು ಇತ್ತು; ಇರದೆ ಏನು. ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳಿ, ಮತ್ತೆ ನೋಡುತ್ತೇನೆ ಎಂದಳು. ಕುಳಿತೆ. ಕೆಲಸದ ನಡುವೆ ಬಂದು ಬಂದು ಮಾತನಾಡಿಸಿದಳು. ಮದುವೆಯಾಗಿದೆ. ಅಪ್ಪ ಈಗ ಕೆಲಸಕ್ಕೆ ಹೋಗುವುದಿಲ್ಲ, ಅವಳ ಜೊತೆಗೇ ಇದ್ದಾನೆ. ಡ್ಯೂಟಿ ಹಿಡಿಯುವ ಮೊದಲು ಈಗಲೂ ಹತ್ತು ನಿಮಿಷ ಕುಳಿತುಕೊಳ್ಳುತ್ತಾಳಂತೆ, ಹೊಸದಾಗಿ ಬಂದ ಹುಡುಗಿಯರನ್ನೂ ಕೂರಿಸುತ್ತಾಳಂತೆ. ಕೈ ಈಗ ನಡುಗುವುದಿಲ್ಲವಾ ಎಂದು ಕೇಳಿದೆ. "ಒಮ್ಮೊಮ್ಮೆ ನಡಗ್ತದ ಕಾಕಾ. ನಡಗಲಿ ಅಂತ ಬಿಡ್ತೇನೆ. ಆಮೇಲೆ ಸೂಜಿ ಹಿಡೀತೇನೆ" ಎಂದು ನಕ್ಕಳು. ಮಾತಿನಲ್ಲಿ ಅವಳ ಊರೂ ಇತ್ತು, ನಮ್ಮ ಊರೂ ಸೇರಿತ್ತು.

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಬಾಯಿ ತೆರೆದೆ ಸಹ. ಅಷ್ಟರಲ್ಲಿ ಅವಳು ನನ್ನ ತೋಳಿನ ಪಟ್ಟಿ ಬಿಚ್ಚುತ್ತಾ, ಸ್ವರ ತಗ್ಗಿಸಿ ಹೇಳಿದಳು:

"ಇಡೀ ಬಸ್ಸಿನಾಗ ನನ್ನ ಆ ಹೆಸರಿನಿಂದ ಕರೀದೇ ಇದ್ದವರು ನೀವೊಬ್ಬರೇ ಕಾಕಾ. ಆಮೇಲೆ ನಮಗಾಗಿ ಹಾರ್ನ್ ಸಹ ಹಾಕಲಿಲ್ಲ. ನನಗೆ ಎಲ್ಲ ಗೊತ್ತಾಗ್ತಿತ್ತು." ಪಟ್ಟಿಯನ್ನು ಸುತ್ತಿಡುತ್ತಾ, "ಒಂದೇ ಬೇಜಾರು. ನಾನು ಅವತ್ತು ವಾರ್ಡಿನಾಗ ಗಟ್ಟಿ ನಿಂತಿದ್ದರೆ ಬಸ್ಸಿನಾಗ ಮೇಡಂ ಅವರ ಉಸಿರಿನ ಕ್ಲಾಸು ನಿಲ್ತಿರಲಿಲ್ಲ. ನನ್ನಿಂದಾನೇ ನಿಂತುಹೋಯ್ತು."

ನಾನು "ಹೌದಾ" ಎಂದೆ. ಅಷ್ಟೇ. ಯಾರದ್ದೋ ಡ್ರಿಪ್ಸ್ ಮುಗಿದಿತ್ತು, ಅವಳು ಹೋದಳು. ನೆಂಟರು ಬಂದು ಕರೆದರು, ನಾನೂ ಬಂದೆ. ಬಸ್ಸಿನಲ್ಲಿ ಕಾಪುವಿನವರೆಗೆ ಆ ಒಂದು 'ಹೌದಾ' ನನ್ನ ಪಕ್ಕದ ಸೀಟಿನಲ್ಲಿ ಕುಳಿತಿತ್ತು.

ಮನೆಯಲ್ಲಿ ಮಗಳಿಗೆ ಹೇಳಿದೆ. ಅವಳಿಗೆ ಹೇಳಿದ್ದೇ ನನ್ನ ಮೊದಲ ತಪ್ಪೊಪ್ಪಿಗೆ. "ಈಗ ಹೇಳಿ ಎಂತ ಪ್ರಯೋಜನ ಅಪ್ಪ? ಅವಳಿಗೆ ಇರುವ ಒಂದು ಒಳ್ಳೆಯ ನೆನಪು ಸಹ ಹಾಳಾಗ್ತದೆ" ಎಂದಳು. ಈ ಮಾತು ನನಗೆ ಬಹಳ ಹಿಡಿಸಿತು. ಇಷ್ಟು ತಿಂಗಳು ಅದನ್ನೇ ಹೊದ್ದುಕೊಂಡು ಮಲಗಿದೆ. ಅವಳಿಗಾಗಿ ಸುಮ್ಮನಿದ್ದೇನೆ ಎನ್ನುವುದು ಎಷ್ಟು ಬೆಚ್ಚಗಿನ ಹೊದಿಕೆ ಎಂದು ಹೊದ್ದವರಿಗೇ ಗೊತ್ತು.

ಆದರೆ ದಿನಾ ಬೆಳಿಗ್ಗೆ ಜಗಲಿಯಲ್ಲಿ ಕುಳಿತು, ಬಂದದ್ದನ್ನು ಓಡಿಸದೆ ನೋಡುವುದನ್ನು ಈ ಪ್ರಾಯದಲ್ಲಿ ಸ್ವಲ್ಪ ಸ್ವಲ್ಪ ಕಲಿಯುತ್ತಿದ್ದೇನೆ. ಹಾಗೆ ನೋಡಿದಾಗ ಕಂಡದ್ದು ಇಷ್ಟು. ನನ್ನ ಬಗ್ಗೆ ಅವಳಿಗಿರುವ ಒಳ್ಳೆಯ ಮಾತು ಅವಳಿಗೆ ಬೇಕಾದದ್ದಲ್ಲ, ನನಗೆ ಬೇಕಾದದ್ದು. ಅವಳು ಹೊತ್ತುಕೊಂಡಿರುವುದು ಇನ್ನೊಂದು: ತನ್ನಿಂದ ಮೇಡಂಗೆ ಕೆಟ್ಟದಾಯಿತು ಎನ್ನುವುದು. ಅದು ನನ್ನ ಹೊರೆ, ಬೇರೆಯವರ ತಲೆಯ ಮೇಲೆ. ನಾನು ಸುಮ್ಮನಿರುವಷ್ಟು ದಿನವೂ ಆ ಕೋಣೆಯಲ್ಲಿ ಅವಳು ಗೋಡೆಗೆ ತಾಗಿ ನಿಂತೇ ಇರುತ್ತಾಳೆ.

ನಾಳೆಯೇ ಬಜಗೋಳಿಗೆ ಹೋಗುತ್ತೇನೆ ಎಂದು ಇಲ್ಲಿ ಬರೆಯುವುದಿಲ್ಲ. ನನ್ನ ನಾಳೆಗಳು ಎಂತವು ಎಂದು ನಿಮಗೆ ಈಗ ಗೊತ್ತಾಗಿದೆ. ಅದಕ್ಕೇ ಇವತ್ತು, ನಿಮ್ಮೆಲ್ಲರ ಎದುರಿನಲ್ಲಿ ಹೇಳಿಬಿಡುತ್ತೇನೆ. ಇಷ್ಟು ಹೊತ್ತು ನಾನು ಅವಳನ್ನು ಹುಡುಗಿ, ಹುಡುಗಿ ಎಂದೆ. ಬಸ್ಸಿನಲ್ಲಿಯೂ ನಾನು ಅವಳನ್ನು ಅವಳ ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಒಂದು ದಿನವೂ ಕರೆದದ್ದಿಲ್ಲ.

ಕಸ್ತೂರಿ, ಮೇಡಂ ಅವರ ಕ್ಲಾಸು ನಿಂತದ್ದು ನಿನ್ನಿಂದ ಅಲ್ಲ. ಆ ಹೆಸರು ಇಟ್ಟವನು ನಾನು.